ಕನ್ನಡ ಕಡತ ಕೆಟ್ಟಾಗ: ಎಡಿಟರ್ ಬದಲಿಸುವ ಮೊದಲು ನೋಡಬೇಕಾದದ್ದು

ಮಂಗಳೂರು, ಉಡುಪಿ ಕಡೆಯಲ್ಲಿ ಮಳೆಗಾಲ ಮುಗಿದರೆ ಸ್ಮರಣ ಸಂಚಿಕೆಗಳ ಕಾಲ ಶುರುವಾಗುತ್ತದೆ. ಒಂದು ಕಡೆ ದೇವಸ್ಥಾನದ ಬ್ರಹ್ಮಕಲಶೋತ್ಸವ, ಇನ್ನೊಂದು ಕಡೆ ಶಾಲೆಯ ಶತಮಾನೋತ್ಸವ, ಮತ್ತೊಂದು ಕಡೆ ಯಕ್ಷಗಾನ ಸಂಘದ ಸುವರ್ಣ ವರ್ಷ. ಲೇಖನಗಳು ಮುಂಬಯಿಯಿಂದ ವಾಟ್ಸ್ಆ್ಯಪ್‌ನಲ್ಲಿ ಬರುತ್ತವೆ, ಕುಂದಾಪುರದ ನಿವೃತ್ತ ಮೇಷ್ಟರಿಂದ ನುಡಿ ತಂತ್ರಾಂಶದ ಹಳೆಯ ಕಡತವಾಗಿ ಬರುತ್ತವೆ, ಕಳೆದ ಸಲದ ದಾನಿಗಳ ಪಟ್ಟಿ ಯಾರದೋ ಪೆನ್‌ಡ್ರೈವ್‌ನಲ್ಲಿ ಸಿಗುತ್ತದೆ. ಎಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಧಕ್ಕರ್ಧ ಓದಲು ಬರುವುದಿಲ್ಲ. ಆಗ ಕೇಳಿಬರುವ ಮಾತು ಒಂದೇ: ‘ಫಾಂಟು ಹೋಗಿದೆ ಮಾರಾಯರೇ.’ ಬಹಳ ಸಲ ಫಾಂಟು ಎಲ್ಲಿಗೂ ಹೋಗಿರುವುದಿಲ್ಲ.

ಪರದೆಯ ಮೇಲೆ ಕನ್ನಡ ಮೂಡಬೇಕಾದರೆ ನಾಲ್ಕು ಕೆಲಸಗಳು ಸರಿಯಾಗಿ ನಡೆಯಬೇಕು. ಕಡತದಲ್ಲಿ ಸರಿಯಾದ ಬೈಟ್‌ಗಳು, ಅಂದರೆ ಕಂಪ್ಯೂಟರ್ ಉಳಿಸಿಡುವ ಅಂಕಿಗಳು, ಇರಬೇಕು. ಎಡಿಟರ್, ಅಂದರೆ ಪಠ್ಯ ತೆರೆದು ತಿದ್ದುವ ತಂತ್ರಾಂಶ, ಆ ಬೈಟ್‌ಗಳನ್ನು ಸರಿಯಾದ ಸಂಕೇತವೆಂದು ಓದಬೇಕು. ಆ ಸಂಕೇತಕ್ಕೆ ಆಕಾರ ಕೊಡುವ ಫಾಂಟ್ ಇರಬೇಕು. ಕೊನೆಗೆ ಒತ್ತು, ಗುಣಿತಗಳನ್ನು ಜೋಡಿಸಿ ಕೂರಿಸುವ ಯಂತ್ರ ಆ ಎಡಿಟರ್‌ನೊಳಗೆ ಇರಬೇಕು. ದೋಷ ಯಾವ ಹಂತದ್ದು ಎಂದು ತಿಳಿಯದೆ ಫಾಂಟ್ ಮೇಲೆ ಫಾಂಟ್ ಹಾಕುತ್ತ ಹೋದರೆ, ಒಂದು ಎಡಿಟರ್ ತೆಗೆದು ಇನ್ನೊಂದನ್ನು ಹಾಕುತ್ತ ಹೋದರೆ, ಇದ್ದ ಕಡತವೂ ಕೈಬಿಡುತ್ತದೆ.

ಆದ್ದರಿಂದ ಮೊದಲ ಕೆಲಸ, ಸೇವ್ ಒತ್ತದಿರುವುದು. ತೆರೆದ ಕಡತ ವಿಕಾರವಾಗಿ ಕಂಡರೆ ಅದನ್ನು ಹಾಗೆಯೇ ಮುಚ್ಚಿ, ಒಂದು ಪ್ರತಿ ಮಾಡಿ, ಆ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿ. ತಪ್ಪಾಗಿ ಓದಿದ್ದರಿಂದ ಏನೂ ಹಾಳಾಗುವುದಿಲ್ಲ. ತಪ್ಪಾಗಿ ಓದಿದ್ದನ್ನು ಸೇವ್ ಮಾಡಿದಾಗಲೇ ಹಾಳಾಗುವುದು.

ಕಸವನ್ನು ಓದಿ

ಪರದೆಯ ಮೇಲೆ ಕಾಣುವ ಕಸಕ್ಕೂ ಜಾತಿಗಳಿವೆ. ಗಮನಿಸಿ ನೋಡಿದರೆ ಅದೇ ರೋಗದ ಹೆಸರು ಹೇಳುತ್ತದೆ.

ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರ, ಅದರ ತಲೆಯ ಮೇಲೊಂದು ಓರೆಗೆರೆ, ಹೆಜ್ಜೆಹೆಜ್ಜೆಗೂ ಅದೇ ಕಾಣುತ್ತಿದೆಯೇ? ನಡುನಡುವೆ ಪೌಂಡ್ ಚಿಹ್ನೆ, ಇಂಗ್ಲಿಷಿನ ‘ಪಿ’, ‘ಕ್ಯು’ ಅಕ್ಷರಗಳೂ ಇವೆಯೇ? ಹಾಗಿದ್ದರೆ ಅದು ಹಳೆಯ ನುಡಿ ಫಾಂಟಿನ ಪಠ್ಯ. ಆ ವಿಧಾನದಲ್ಲಿ ಕಡತದೊಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಬರೆದ ಫಾಂಟ್ ಮಾತ್ರ ಇರುತ್ತದೆ. ಆ ಓರೆಗೆರೆಯ ದೊಡ್ಡ ‘ಎ’ ಇದೆಯಲ್ಲ, ಅದು ತಲೆಕಟ್ಟು. ಅದಕ್ಕೇ ಅಷ್ಟು ಸಲ ಬರುತ್ತದೆ.

ಚಿಕ್ಕ ‘ಎ’ ಅಕ್ಷರ, ಅದರ ಮೇಲೆ ಗೆರೆ, ಪಕ್ಕದಲ್ಲೇ ಮೇಲಕ್ಕೆ ಏರಿಸಿ ಬರೆದ ಪುಟ್ಟ 2 ಅಥವಾ 3 ಕಂಡರೆ ಇದು ಬೇರೆ ರೋಗ. ಕಡತದಲ್ಲಿರುವುದು ಅಪ್ಪಟ ಯೂನಿಕೋಡ್ ಕನ್ನಡ, ಅಂದರೆ ಅಕ್ಷರ, ಗುಣಿತಗಳಿಗೆ ತಮ್ಮದೇ ಸಂಕೇತವಿರುವ ಕನ್ನಡ. ಎಡಿಟರ್ ಅದನ್ನು ಹಳೆಯ ಪಾಶ್ಚಾತ್ಯ ಸಂಕೇತಮಾಲೆಯೆಂದು ಓದಿದೆ. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್. ಅವುಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲೊಂದು. ವಿಂಡೋಸ್-1252 ಎಂಬ ಸಂಕೇತಮಾಲೆಯಲ್ಲಿ ಆ ಮೊದಲ ಬೈಟೇ ಗೆರೆಯ ಚಿಕ್ಕ ‘ಎ’, ಎರಡನೆಯದು ಪುಟ್ಟ 2 ಅಥವಾ 3.

‘ಎ’ ಅಕ್ಷರದ ಮೇಲೆ ಅಲೆಯಂಥ ಗೆರೆ ಬಂದು, ಕಡತದ ಗಾತ್ರವೂ ಎರಡು ಪಟ್ಟು ಉಬ್ಬಿದ್ದರೆ ಯಾರೋ ತಪ್ಪಾಗಿ ಓದಿದ್ದನ್ನು ಸೇವ್ ಮಾಡಿಯೂ ಆಗಿದೆ ಎಂದು ಅರ್ಥ.

ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಕಂಡರೆ ಕಡತ ಯುಟಿಎಫ್-8 ಅಲ್ಲ, ಆದರೆ ಎಡಿಟರ್ ಹಾಗೆಂದುಕೊಂಡಿದೆ. ಖಾಲಿ ಚೌಕಗಳಾದರೆ, ಇದೊಂದು ಸಲ ನಿಜವಾಗಿಯೂ ಫಾಂಟಿನ ತೊಂದರೆ. ಚುಕ್ಕಿಗಳಿಂದ ಮಾಡಿದ ವೃತ್ತದ ಪಕ್ಕ ಒಂಟಿ ಗುಣಿತ ನಿಂತಿದ್ದರೆ ಬೆರಳಚ್ಚಿನ ಕ್ರಮ ತಪ್ಪಿದೆ. ಬರೀ ಪ್ರಶ್ನಾರ್ಥಕಗಳ ಸಾಲೇ ಇದ್ದರೆ, ಅದೂ ಪ್ರತಿಯೊಂದು ಎಡಿಟರ್‌ನಲ್ಲೂ ಹಾಗೆಯೇ ಕಂಡರೆ, ಆ ಕಡತದ ಆಸೆ ಬಿಡಿ. ಹಳೆಯ ನೋಟ್‌ಪ್ಯಾಡ್‌ನಲ್ಲಿ ‘ಆನ್ಸಿ’ (ಕನ್ನಡವಿಲ್ಲದ ಆ ಹಳೆಯ ಪಾಶ್ಚಾತ್ಯ ಸಂಕೇತಮಾಲೆ) ಎಂದು ಸೇವ್ ಮಾಡಿದಾಗ ಹೀಗಾಗುತ್ತದೆ. ಅಕ್ಷರಗಳು ಅಳಿಸಿಹೋಗಿ ಅವುಗಳ ಜಾಗದಲ್ಲಿ ಪ್ರಶ್ನಾರ್ಥಕವೇ ಕುಳಿತಿರುತ್ತದೆ. ನೋಟ್‌ಪ್ಯಾಡ್ ಆಗ ಎಚ್ಚರಿಕೆ ಕೊಡುತ್ತಿತ್ತು. ನಾವು ಓದದೆ ‘ಓಕೆ’ ಒತ್ತುತ್ತಿದ್ದೆವು. 2019ರ ವಿಂಡೋಸ್ 10 ಪರಿಷ್ಕರಣೆಯ ಬಳಿಕ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ. ಪೆನ್‌ಡ್ರೈವಿನ ಪುರಾತನ ಪಟ್ಟಿಗಳಿಗೆ ಆ ಭಾಗ್ಯ ಇರಲಿಲ್ಲ.

ತಪ್ಪಾಗಿ ಓದಿದ ಕಡತ

ಇನ್ನೂ ಯಾರೂ ಸೇವ್ ಮಾಡಿರದಿದ್ದರೆ ಪರಿಹಾರ ಸುಲಭ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಎಡಿಟರ್‌ನಲ್ಲಿ ‘ಎನ್‌ಕೋಡಿಂಗ್’ (ಸಂಕೇತಮಾಲೆ) ಪಟ್ಟಿ ತೆರೆದು ಮೇಲಿನ ಗುಂಪಿನಲ್ಲಿರುವ ‘ಯುಟಿಎಫ್-8’ ಆರಿಸಿ. ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಕೆಳಗಿನ ಪಟ್ಟಿಯ ಬಲತುದಿಯ ಹತ್ತಿರ ಸಂಕೇತಮಾಲೆಯ ಹೆಸರು ಇರುತ್ತದೆ. ಅದನ್ನು ಒತ್ತಿ ‘ರೀಓಪನ್ ವಿತ್ ಎನ್‌ಕೋಡಿಂಗ್’ ಎಂಬುದರಲ್ಲಿ ಯುಟಿಎಫ್-8 ಕೊಡಿ. ಕನ್ನಡ ತಟ್ಟನೆ ಮರಳುತ್ತದೆ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಆ ಪಟ್ಟಿಯಲ್ಲಿ ಒಂದು ತಿರುವು ಇದೆ. ಮೇಲಿನ ಗುಂಪು ‘ಇದ್ದ ಬೈಟ್‌ಗಳನ್ನೇ ಹೀಗೆ ಓದು’ ಎನ್ನುತ್ತದೆ. ‘ಕನ್ವರ್ಟ್ ಟು’ ಎಂದು ಆರಂಭವಾಗುವ ಕೆಳಗಿನ ಗುಂಪು ‘ಈಗ ಕಾಣುತ್ತಿರುವುದನ್ನೇ ಹೊಸ ಬೈಟ್‌ಗಳಾಗಿ ಬರೆ’ ಎನ್ನುತ್ತದೆ. ಕಸ ಕಾಣುತ್ತಿರುವಾಗ ಕೆಳಗಿನದನ್ನು ಒತ್ತಿ ಸೇವ್ ಮಾಡಿದರೆ ಕಸವೇ ಶಾಶ್ವತವಾಗುತ್ತದೆ. ಅಲೆಗೆರೆಯ ‘ಎ’ ಹುಟ್ಟುವುದು ಬಹುಪಾಲು ಈ ತಪ್ಪಿನಿಂದಲೇ.

ಹಾಗೆ ಕೆಟ್ಟದ್ದನ್ನು ಹಿಂದಕ್ಕೆ ತಿರುಗಿಸಬಹುದು. ಕಡತವನ್ನು ಯುಟಿಎಫ್-8 ಆಗಿ ತೆರೆದು, ‘ಕನ್ವರ್ಟ್ ಟು ಆನ್ಸಿ’ ಒತ್ತಿ, ಬಳಿಕ ಮೇಲಿನ ಗುಂಪಿನ ‘ಯುಟಿಎಫ್-8’ ಆರಿಸಿದರೆ ಒಂದು ಸುತ್ತು ಬಿಚ್ಚಿಕೊಳ್ಳುತ್ತದೆ. ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್‌ನಲ್ಲಿ ‘ಎಲ್ಲ ಭಾಷೆಗಳಿಗೂ ಯುಟಿಎಫ್-8 ಬಳಸು’ ಎಂಬ ಬೀಟಾ ಆಯ್ಕೆ ಚಾಲೂ ಇದ್ದರೆ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಆಗ ‘ಆನ್ಸಿ’ ಎಂದರೂ ಯುಟಿಎಫ್-8 ಎಂದೇ ಅರ್ಥ.

ಬಿಚ್ಚಿದ ಮೇಲೂ ಕೆಲವೊಮ್ಮೆ ಅಲ್ಲಲ್ಲಿ ತೂತುಗಳು ಉಳಿಯುತ್ತವೆ. ಅವು ಎಲ್ಲೆಂದರಲ್ಲಿ ಬೀಳುವುದಿಲ್ಲ. ವಿಂಡೋಸ್-1252ರಲ್ಲಿ ಐದು ಸ್ಥಾನಗಳಿಗೆ ಅಕ್ಷರವೇ ಇಲ್ಲ. ಕೆಲವು ತಂತ್ರಾಂಶಗಳು ಆ ಬೈಟ್‌ಗಳನ್ನು ಇದ್ದಂತೆಯೇ ದಾಟಿಸುತ್ತವೆ, ಕೆಲವು ಕಿತ್ತು ಪ್ರಶ್ನಾರ್ಥಕ ಇಡುತ್ತವೆ. ಕನ್ನಡದ ದುರದೃಷ್ಟ ನೋಡಿ: ‘ು’ ಎಂಬ ಕೊಂಬು ಮತ್ತು ಒತ್ತಕ್ಷರ ಕಟ್ಟುವ ‘್’ ಎರಡರ ಕೊನೆಯ ಬೈಟೂ ಆ ಐದರಲ್ಲೇ ಸೇರಿದೆ. ಏ, ಐ, ಝ ಅಕ್ಷರಗಳ ಗತಿಯೂ ಅದೇ. ‘ಮುಖ್ಯ’ ಎಂಬ ಪದದಲ್ಲಿ ಮ, ಖ, ಯ ಉಳಿದು ನಡುವಿನ ಕೊಂಬೂ ಹೋಗುತ್ತದೆ, ಒತ್ತಿನ ಕೊಂಡಿಯೂ ಹೋಗುತ್ತದೆ. ಎರಡರ ಜಾಗದಲ್ಲೂ ಒಂದೇ ಗುರುತು ಇರುವುದರಿಂದ ಯಂತ್ರಕ್ಕೆ ಯಾವುದು ಕೊಂಬು, ಯಾವುದು ಒತ್ತು ಎಂದು ತಿಳಿಯುವುದಿಲ್ಲ. ಕನ್ನಡ ಬಲ್ಲವರು ಸಾಲು ಸಾಲಾಗಿ ಕೂತು ತುಂಬಬೇಕು. ಐದಾರು ಪುಟವಾದರೆ ತುಂಬಿ. ಐವತ್ತು ಪುಟವಾದರೆ ಮೂಲ ಕಡತ ಯಾರ ಹತ್ತಿರ ಇದೆ ಎಂದು ಹುಡುಕುವುದೇ ಲೇಸು.

ದಾನಿಗಳ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಕಡತವಾಗಿ ಎಕ್ಸೆಲ್‌ನಲ್ಲಿ ತೆರೆದಾಗ ಪುಟ್ಟ 2, 3ಗಳು ಕಂಡರೂ ಕಾರಣ ಇದೇ. ಎಡಿಟರ್‌ನಲ್ಲಿ, ಕಡತದ ತಲೆಯಲ್ಲೇ ಸಂಕೇತಮಾಲೆಯ ಗುರುತು ಇಡುವ ‘ಯುಟಿಎಫ್-8 ಬಿಒಎಂ’ ಎಂದು ಉಳಿಸಿ ಮತ್ತೆ ತೆರೆಯಿರಿ, ಸಾಕು.

ನುಡಿ, ಬರಹದ ಹಳೆಯ ಕಡತಗಳು

ಇಲ್ಲಿ ಎನ್‌ಕೋಡಿಂಗ್ ಬದಲಿಸಿ ಪ್ರಯೋಜನವಿಲ್ಲ, ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕವೇ ಬೇಕು. ನುಡಿ ಮತ್ತು ಬರಹ ತಂತ್ರಾಂಶಗಳೆರಡರ ಜೊತೆಗೂ ಪರಿವರ್ತಕ ಬರುತ್ತದೆ.

ಎಡವುವ ಜಾಗ ಪರಿವರ್ತನೆಗೆ ಮೊದಲೇ ಇದೆ. ವರ್ಡ್ ಕಡತದಲ್ಲಿ ಯಾವ ಸಾಲು ನುಡಿ ಫಾಂಟ್, ಯಾವ ಸಾಲು ಇಂಗ್ಲಿಷ್ ಫಾಂಟ್ ಎಂಬ ಮಾಹಿತಿ ಇರುತ್ತದೆ. ಅದನ್ನು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿದ ಕ್ಷಣ ಆ ಮಾಹಿತಿ ಮಾಯ. ಆಮೇಲೆ ಪರಿವರ್ತಿಸಿದರೆ ಲೇಖಕರ ಇಮೇಲ್ ವಿಳಾಸ, ಪದವಿಯ ಹೆಸರು, ಜಾಹೀರಾತಿನ ಇಂಗ್ಲಿಷ್ ಸಾಲು ಎಲ್ಲವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಆದ್ದರಿಂದ ಪರಿವರ್ತಕಕ್ಕೆ ಮೂಲ ವರ್ಡ್ ಕಡತವನ್ನೇ ಕೊಡಿ. ಅದು ಸಾಧ್ಯವಿಲ್ಲದಿದ್ದರೆ ಇಂಗ್ಲಿಷ್ ತುಣುಕುಗಳನ್ನು ಮೊದಲೇ ಬೇರೆ ತೆಗೆದಿಡಿ.

ಪರಿವರ್ತನೆಯ ಬಳಿಕ ಮೊದಲು ಹುಡುಕಬೇಕಾದದ್ದು ‘ಕನಾರ್ಟಕ’. ಸಿಕ್ಕಿತೆಂದರೆ ಪರಿವರ್ತಕ ಅರ್ಕಾವೊತ್ತನ್ನು ಹಿಂದಕ್ಕೆ ಸರಿಸಿಲ್ಲ. ಹಳೆಯ ಫಾಂಟ್‌ಗಳಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ಅಕ್ಷರದ ನಂತರ, ದಾಖಲಾಗುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮ, ರಕಾರ ಮೊದಲು. ದಾರಿ ತಪ್ಪಿದ ಪರಿವರ್ತಕ ಧರ್ಮವನ್ನು ‘ಧಮರ್’ ಮಾಡುತ್ತದೆ, ಕಾರ್ಯಕ್ರಮವನ್ನು ‘ಕಾಯರ್ಕ್ರಮ’ ಮಾಡುತ್ತದೆ. ಅಚ್ಚಾದ ಆಮಂತ್ರಣ ಪತ್ರಿಕೆಗಳಲ್ಲೂ ಈ ‘ಧಮರ್’ ಕಣ್ಣಿಗೆ ಬೀಳುವುದುಂಟು. ಹೀಗಾದ ಕಡತವನ್ನು ತಿದ್ದುತ್ತ ಕೂರಬೇಡಿ. ಬೇರೆ ಪರಿವರ್ತಕದಿಂದ ಮೊದಲಿನಿಂದ ಮಾಡಿಸುವುದು ಬೇಗ ಮುಗಿಯುತ್ತದೆ.

ಕಣ್ಣಿಗೆ ಸರಿ, ಹುಡುಕಿದರೆ ಇಲ್ಲ

ಎಲ್ಲಕ್ಕಿಂತ ಕಿರಿಕಿರಿಯ ದೋಷ ಇದು. ಪುಟದಲ್ಲಿ ಮಂಗಳೂರು ಎಂದು ಸ್ಪಷ್ಟವಾಗಿ ಕಾಣುತ್ತದೆ, ಹುಡುಕುವ ಪೆಟ್ಟಿಗೆಯಲ್ಲಿ ‘ಮಂಗಳೂರು’ ಕೊಟ್ಟರೆ ಎಡಿಟರ್ ಇಲ್ಲವೆನ್ನುತ್ತದೆ. ಎಡಿಟರ್ ಹೇಳುವುದು ನಿಜ. ಅಲ್ಲಿರುವುದು ‘ಮ೦ಗಳೂರು’. ಎರಡನೆಯ ಗುರುತು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ಫಾಂಟ್‌ಗಳಲ್ಲಿ ಎರಡೂ ಬಹುಮಟ್ಟಿಗೆ ಒಂದೇ ಥರ ಕಾಣುವುದರಿಂದ ಪ್ರೂಫ್ ನೋಡುವವರ ಕಣ್ಣಿಗೂ ಬೀಳುವುದಿಲ್ಲ.

ಎಲ್ಲ ಸೊನ್ನೆಯನ್ನೂ ಅನುಸ್ವಾರ ಮಾಡಿಬಿಟ್ಟರೆ ದಾನಿಗಳ ಪಟ್ಟಿಯ ೫೦೦ ರೂಪಾಯಿ ಕೆಡುತ್ತದೆ, ಇಸವಿಗಳೂ ಕೆಡುತ್ತವೆ. ಅಕ್ಷರದ ಅಥವಾ ಗುಣಿತದ ಬೆನ್ನಿಗೆ ಬಂದ ಸೊನ್ನೆಯನ್ನು ಮಾತ್ರ ಹಿಡಿಯಬೇಕು. ಹುಡುಕುವ ಪೆಟ್ಟಿಗೆಯಲ್ಲಿ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ (ನಿಯಮ ಕೊಟ್ಟು ಹುಡುಕುವ) ಆಯ್ಕೆ ಹಾಕಿ, ಹುಡುಕಬೇಕಾದ ಜಾಗದಲ್ಲಿ ಹೀಗೆ ಬರೆಯಿರಿ:

([ಅ-ೌ])೦

ಬದಲಿಸಬೇಕಾದ ಜಾಗದಲ್ಲಿ:

$1ಂ

ಕನ್ನಡದ ಅಂಕಿಗಳು ಯೂನಿಕೋಡ್‌ನಲ್ಲಿ ಗುಣಿತಗಳಿಗಿಂತ ಮುಂದಿನ ಸ್ಥಾನದಲ್ಲಿರುವುದರಿಂದ ೫೦೦ಕ್ಕೆ ಏನೂ ಆಗುವುದಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ವಿಎಸ್ ಕೋಡ್ ಎರಡರಲ್ಲೂ ಇದು ನಡೆಯುತ್ತದೆ. ನಡುವಿನ ಗುಣಿತವನ್ನು ಒಂಟಿಯಾಗಿ ಬೆರಳಚ್ಚಿಸುವುದು ಕಷ್ಟವಾದರೆ ‘ಕೌ’ ಬರೆದು ಕಕಾರ ಅಳಿಸಲು ಹೋಗಬೇಡಿ, ಗುಣಿತವೂ ಜೊತೆಗೇ ಹೋಗಬಹುದು. ಮೇಲಿನ ಸಾಲನ್ನೇ ನಕಲು ಮಾಡಿಕೊಳ್ಳಿ.

ಇದೇ ಜಾತಿಯ ಇನ್ನೊಂದು ದೋಷ ಕಣ್ಣಿಗೆ ಕಾಣದ ಗುರುತುಗಳದ್ದು. ‘ಬಸ್‌ನಲ್ಲಿ’ ಎಂದು ಬರೆಯುವಾಗ ಸಕಾರಕ್ಕೆ ನಕಾರ ಒತ್ತಾಗದಂತೆ ತಡೆಯಲು ನಡುವೆ ಅಗಲವೇ ಇಲ್ಲದ ಒಂದು ಬೇರ್ಪಡಿಕೆಯ ಗುರುತು ಇರುತ್ತದೆ. ಯಾವುದೋ ತಂತ್ರಾಂಶ ಅದನ್ನು ನುಂಗಿದರೆ ‘ಬಸ್ನಲ್ಲಿ’ ಆಗುತ್ತದೆ. ‘ರ‍್ಯಾಂಕ್’ ಪದದಲ್ಲಿ ಅದರ ಜೋಡಿಯಾದ ಸೇರಿಕೆಯ ಗುರುತು ಇರುತ್ತದೆ. ಅದು ಹೋದರೆ ಅರ್ಕಾವೊತ್ತಿನ ‘ರ್ಯಾಂಕ್’ ಉಳಿಯುತ್ತದೆ. ಕರಾವಳಿಯವರಿಗೆ ಇದರ ಬಿಸಿ ಹೆಚ್ಚು ತಟ್ಟುತ್ತದೆ, ಏಕೆಂದರೆ ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಪದದ ನಡುವೆ ಅರ್ಧಾಕ್ಷರ ಪದೇ ಪದೇ ಬರುತ್ತದೆ. ‘ಮಲ್ತ್‌ದ್’ ಎಂಬುದರೊಳಗಿನ ಆ ಗುರುತು ಕಳಚಿದರೆ ತಕಾರದ ಕೆಳಗೆ ದಕಾರವೂ ಸೇರಿಕೊಂಡು ತುಳುವರಿಗೇ ಓದಲಾಗದ ಮುದ್ದೆಯಾಗುತ್ತದೆ. ಗುರುತು ಇದೆಯೋ ಇಲ್ಲವೋ ನೋಡಲು ಹಳೆಯ ನೋಟ್‌ಪ್ಯಾಡ್‌ನಲ್ಲಿ ಬಲಗುಂಡಿ ಒತ್ತಿ ‘ಯೂನಿಕೋಡ್ ಕಂಟ್ರೋಲ್ ಕ್ಯಾರೆಕ್ಟರ್’ಗಳನ್ನು ತೋರಿಸುವ ಆಯ್ಕೆ ಹಾಕಬಹುದು. ವಿಮ್ ಎಂಬ ಎಡಿಟರ್ ಬಲ್ಲವರು ಅಕ್ಷರದ ಮೇಲೆ ಕರ್ಸರ್ ಇಟ್ಟು ‘ಜಿ’, ಬಳಿಕ ‘8’ ಒತ್ತಿದರೆ ಒಳಗಿನ ಬೈಟ್‌ಗಳೇ ಕಾಣುತ್ತವೆ.

ತುಳು ಲಿಪಿಯಲ್ಲೇ ಬರೆದ ಸಾಲು ಚೌಕಗಳಾಗಿ ಕಂಡರೆ ಗಾಬರಿ ಬೇಡ. ತುಳು-ತಿಗಳಾರಿ ಲಿಪಿ ಯೂನಿಕೋಡ್‌ಗೆ ಸೇರಿದ್ದೇ 2024ರಲ್ಲಿ, 16.0 ಆವೃತ್ತಿಯಲ್ಲಿ. ಕಳಿಸಿದವರಿಂದ ಫಾಂಟನ್ನೂ ಕೇಳಿ ಪಡೆಯಿರಿ.

ಫಾಂಟ್ ಇದೆ, ಆದರೂ ಅಕ್ಷರ ಕೂರುವುದಿಲ್ಲ

ಈ ಒಂದು ಸಾಲನ್ನು ಪರೀಕ್ಷೆಗೆ ಇಟ್ಟುಕೊಳ್ಳಿ: ಸ್ತ್ರೀ, ರಾಷ್ಟ್ರ, ಸೂರ್ಯ, ರ‍್ಯಾಂಕ್, ಬಸ್‌ನಲ್ಲಿ, ಮಲ್ತ್‌ದ್. ಹೊಸ ಎಡಿಟರ್ ಹಾಕಿದ ಕೂಡಲೇ ಇದನ್ನು ಅಂಟಿಸಿ, ಕರ್ಸರನ್ನು ಬಾಣದ ಕೀಲಿಯಿಂದ ಎಡಬಲಕ್ಕೆ ನಡೆಸಿ. ‘ಸ್ತ್ರೀ’ ಎಂಬುದು ಆರು ಸಂಕೇತ, ಹದಿನೆಂಟು ಬೈಟ್. ಪರದೆಯ ಮೇಲೆ ಒಂದೇ ಅಕ್ಷರ. ಕರ್ಸರ್ ಅಕ್ಷರದಿಂದ ದೂರ ನಿಂತರೆ, ಬೆರಳಚ್ಚಿಸಿದ್ದು ಬೇರೆಲ್ಲೋ ಮೂಡಿದರೆ, ಆ ಎಡಿಟರ್ ಪ್ರತಿ ಸಂಕೇತಕ್ಕೂ ಒಂದೇ ಅಗಲ ಎಂದು ಲೆಕ್ಕ ಹಾಕುತ್ತಿದೆ. ಬ್ಯಾಕ್‌ಸ್ಪೇಸ್ ಒತ್ತಿದಾಗ ಅಕ್ಷರ ಪೂರ್ತಿ ಹೋಗದೆ ಗುಣಿತ ಮಾತ್ರ ಹೋಗುವುದು ದೋಷವಲ್ಲ, ಅದು ಹಾಗೆಯೇ ಇರಬೇಕು.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಒತ್ತು ಸರಿಯಾಗಿ ಕೂರದಿದ್ದರೆ ಪ್ರಿಫರೆನ್ಸಸ್ ಒಳಗಿನ ‘ಡೈರೆಕ್ಟ್‌ರೈಟ್’ ಆಯ್ಕೆ ಚಾಲೂ ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿ, ತಂತ್ರಾಂಶ ಮುಚ್ಚಿ ತೆರೆಯಿರಿ. ವಿಎಸ್ ಕೋಡ್‌ನಲ್ಲಿ ಜೋಡಣೆ ಸರಿಯಾಗಿಯೇ ಇರುತ್ತದೆ, ತೊಂದರೆ ಸಾಲಿನ ಎತ್ತರದ್ದು. ‘ರಾಷ್ಟ್ರ’ದ ಕೆಳಗಿನ ಒತ್ತು ಮುಂದಿನ ಸಾಲಿಗೆ ತಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಲೈನ್ ಹೈಟ್ 1.8 ಎಂದು ಕೊಟ್ಟರೆ ಉಸಿರಾಡಲು ಜಾಗ ಸಿಗುತ್ತದೆ. ಫಾಂಟ್ ಫ್ಯಾಮಿಲಿಯಲ್ಲಿ ಇಂಗ್ಲಿಷ್ ಫಾಂಟ್ ಮೊದಲು, ಅಲ್ಪವಿರಾಮ ಹಾಕಿ ‘ನೋಟೋ ಸಾನ್ಸ್ ಕನ್ನಡ’ ಅಥವಾ ‘ನಿರ್ಮಲಾ ಯುಐ’ ಆಮೇಲೆ ಬರಲಿ. ನಿರ್ಮಲಾ ವಿಂಡೋಸ್ 8ರಿಂದಲೇ ಜೊತೆಗೆ ಬರುತ್ತಿದೆ. ತುಂಗಾ ಫಾಂಟ್ ಬೇಕೆನ್ನುವವರು ವಿಂಡೋಸ್ 10ರ ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಕನ್ನಡದ ಪೂರಕ ಫಾಂಟ್‌ಗಳನ್ನು ಹಾಕಿಕೊಳ್ಳಬೇಕು. ಲಿನಕ್ಸ್‌ನವರಿಗೆ ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳಿವೆ.

ಟರ್ಮಿನಲ್ (ಆಜ್ಞೆ ಬೆರಳಚ್ಚಿಸುವ ಕಿಟಕಿ) ಒಳಗೆ ವಿಮ್ ತೆರೆದು ಕನ್ನಡ ಒಡೆದಿದೆ ಎಂದು ವಿಮ್ ಅನ್ನು ಬೈಯುವುದು ಅನ್ಯಾಯ. ಅಲ್ಲಿ ಅಕ್ಷರ ಬರೆಯುವುದು ಟರ್ಮಿನಲ್, ಅದೂ ಚೌಕಚೌಕದ ಮನೆಗಳಲ್ಲಿ. ಈಮ್ಯಾಕ್ಸ್ ಎಂಬ ಎಡಿಟರ್ 2020ರ 27ನೇ ಆವೃತ್ತಿಯಿಂದ ಹಾರ್ಫ್‌ಬಜ್ ಎಂಬ ಜೋಡಣಾ ಯಂತ್ರವನ್ನು ಬಳಸುತ್ತಿದೆ; ಟರ್ಮಿನಲ್ ಹೊರಗೆ ಅದರದೇ ಕಿಟಕಿಯಲ್ಲಿ ತೆರೆದರೆ ಕನ್ನಡ ಚೆನ್ನಾಗಿ ಕೂರುತ್ತದೆ.

ಕರೆಂಟು ಹೋದ ಮೇಲೆ

ಗುಡುಗು ಮಳೆಯ ಸಂಜೆ, ಯುಪಿಎಸ್ ಇಲ್ಲದ ಕಂಪ್ಯೂಟರ್, ಸೇವ್ ಆಗುತ್ತಿದ್ದಾಗಲೇ ಕರೆಂಟು ಹೋಗಿದೆ. ತೆರೆದರೆ ಕಡತದ ತುಂಬ ‘ನಲ್’ ಎಂಬ ಕಪ್ಪು ಪಟ್ಟಿಗಳು. ಆ ಕಡತದಲ್ಲಿ ಮರಳಿ ಪಡೆಯುವಂಥದ್ದು ಏನೂ ಇಲ್ಲ. ಗಾತ್ರ ಮಾತ್ರ ದಾಖಲಾಗಿದೆ, ಒಳಗಿನದು ಡಿಸ್ಕ್ ತಲುಪಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಆದರೆ ಬಳಕೆದಾರರ ಆ್ಯಪ್‌ಡೇಟಾ ಕೋಶದಲ್ಲಿ ಅದರದೇ ಬ್ಯಾಕಪ್ ಕೋಶ ಇರುತ್ತದೆ. ಸೇವ್ ಮಾಡದ ಬದಲಾವಣೆಗಳನ್ನು ಅದು ಏಳು ಸೆಕೆಂಡಿಗೊಮ್ಮೆ ಅಲ್ಲಿ ಇಡುತ್ತಿರುತ್ತದೆ. ಮೊದಲು ಅಲ್ಲಿ ನೋಡಿ, ಎಡಿಟರ್ ಅನ್ನು ಮತ್ತೆ ತೆರೆಯುವುದಕ್ಕೂ ಮುಂಚೆ.

ಹಾಗಾದರೆ ಯಾವ ಎಡಿಟರ್?

ಬರೆಯಲು ಯಾವುದಾದರೂ ಆಗುತ್ತದೆ. ವಿಂಡೋಸ್‌ನ ಈಗಿನ ನೋಟ್‌ಪ್ಯಾಡ್ ಲೇಖನ ಬೆರಳಚ್ಚಿಸಲು ಧಾರಾಳ ಸಾಕು. ಕೀಲಿಮಣೆ ಎಡಿಟರ್‌ಗೆ ಸಂಬಂಧಿಸಿದ್ದಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಕೈ ಪಳಗಿದವರು ಎಲ್ಲ ಕಡೆ ಅದನ್ನೇ ಇಟ್ಟುಕೊಳ್ಳಬಹುದು. ಹತ್ತಾರು ಜನರ ಕಡತ ಶುಚಿ ಮಾಡುವವರಿಗೆ ಮಾತ್ರ ಸಂಕೇತಮಾಲೆ ತೋರಿಸುವ, ಬದಲಿಸಿ ಓದುವ, ನಿಯಮ ಕೊಟ್ಟು ಹುಡುಕುವ ಎಡಿಟರ್ ಬೇಕು. ಹಳೆಯ ನಿಧಾನ ಕಂಪ್ಯೂಟರ್‌ಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಲಿನಕ್ಸ್‌ಗೆ ಕೇಟ್, ಮೆಮೊರಿ ಸಾಕಷ್ಟಿದ್ದರೆ ವಿಎಸ್ ಕೋಡ್. ವಿಎಸ್ ಕೋಡ್‌ನಲ್ಲಿ ಸಂಕೇತಮಾಲೆಯನ್ನು ತಾನೇ ಊಹಿಸುವ ಆಯ್ಕೆಯೊಂದಿದೆ. ಮೊದಲಿನಿಂದಲೂ ಅದು ಆಫ್ ಇರುತ್ತದೆ, ಹಾಗೆಯೇ ಬಿಡಿ. ಊಹೆ ತಪ್ಪಿದರೆ ಮೇಲಿನ ಕಸವೆಲ್ಲ ಮತ್ತೆ ಶುರು.

ಇಷ್ಟೆಲ್ಲ ಮಾಡಿ ಎಡಿಟರ್‌ನಲ್ಲಿ ಅಪ್ಪಟವಾಗಿ ಕಂಡ ಪಠ್ಯ ಮುದ್ರಣಾಲಯದಲ್ಲಿ ಒಡೆಯಬಹುದು. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ನಿಂತರೆ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಹಾಕಿದರೆ ಸರಿಹೋಗುತ್ತದೆ. ಪೇಜ್‌ಮೇಕರ್ ಬಳಸುವ ಡಿಟಿಪಿ ಕೇಂದ್ರಗಳೂ ಇವೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಅಲ್ಲಿಗೆ ಕೊಡುವ ಮೊದಲು ನಿಮ್ಮ ಯೂನಿಕೋಡ್ ಪಠ್ಯವನ್ನು ಮತ್ತೆ ನುಡಿಗೆ ಪರಿವರ್ತಿಸಬೇಕು, ಆ ಪರಿವರ್ತನೆಯಲ್ಲಿ ಕಾಣದ ಗುರುತುಗಳು ಕಳಚುತ್ತವೆ. ಪ್ರೂಫ್ ಬಂದಾಗ ‘ಬಸ್‌ನಲ್ಲಿ’, ‘ರ‍್ಯಾಂಕ್’ ಥರದ ಪದಗಳ ಮೇಲೆ ಮೊದಲು ಪೆನ್ಸಿಲ್ ಇಡಿ, ತುಳು ಲೇಖನವಿದ್ದರೆ ಅದನ್ನು ಪೂರ್ತಿ ಓದಿ.